‘ಮೊದಲ ಉಸಿರು’ ಲೇಖನದ ಕುರಿತು

ಮಾನ್ಯರೇ, ನಮಸ್ಕಾರ.

ನಿಮ್ಮ ‘ಮೊದಲ ಉಸಿರು’ ಲೇಖನವನ್ನು ಎರಡು ಬಾರಿ ಓದಿದೆ. ಬೆಂಗಳೂರಿನ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಶುಶ್ರೂಷಕಿಯಾಗಿರುವ ನಿಮಗೆ ಈ ವಿಷಯ ಕರತಲಾಮಲಕ. ಆದರೆ ಆ ತಿಳಿವಳಿಕೆ ಬರಹಕ್ಕೆ ಇಳಿದಿಲ್ಲವಾದ್ದರಿಂದ ಇದನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. 31 ವಾರಕ್ಕೇ ಹುಟ್ಟಿದ ಕೂಸನ್ನು ಹೊತ್ತ ಆಂಬುಲೆನ್ಸ್ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಲುಕಿದ್ದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಚಿಕಿತ್ಸೆಯನ್ನು ಮಾತ್ರ ‘ಯಂತ್ರ ಜೋಡಿಸಿದರು, ಪವಾಡವಾಯಿತು’ ಎಂದು ಮುಗಿಸಿದ್ದೀರಿ.

ಕೂಸಿನ ನರಳಿಕೆಯನ್ನು ನೀವು ‘ಸಾವಿನ ಕರೆ’ ಎಂದಿದ್ದೀರಿ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಅಂಶ ಸಾಲದೆ, ಉಸಿರು ಬಿಟ್ಟಾಗಲೆಲ್ಲ ಗಾಳಿಗೂಡುಗಳು ಕುಸಿದು ಅಂಟಿಕೊಳ್ಳುತ್ತವೆ. ಅದನ್ನು ತಡೆಯಲು ಮಗು ಗಂಟಲನ್ನು ಅರೆಮುಚ್ಚಿ, ಒಂದಿಷ್ಟು ಗಾಳಿಯನ್ನು ಒಳಗೇ ಹಿಡಿದಿಟ್ಟು ಉಸಿರು ಬಿಡುವಾಗ ಹೊರಡುವ ದನಿಯೇ ಆ ನರಳಿಕೆ. ಅಂದರೆ ಅದು ಬದುಕಲು ಕೂಸು ತಾನೇ ಮಾಡುತ್ತಿರುವ ದುಡಿಮೆ. ನೀವು ‘ಯಂತ್ರ’ ಎಂದು ಕರೆದ ಸಿಪ್ಯಾಪ್ ಮೂಗಿನ ಮೂಲಕ ಶ್ವಾಸಕೋಶದಲ್ಲಿ ಸದಾ ಗಾಳಿಯ ಒತ್ತಡ ಉಳಿಸಿ ಆ ದುಡಿಮೆಯನ್ನೇ ವಹಿಸಿಕೊಳ್ಳುತ್ತದೆ. ಬಬಲ್ ಸಿಪ್ಯಾಪ್‌ನಲ್ಲಿ ಗಾಳಿ ಹೊರಹೋಗುವ ಕೊಳವೆಯ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿದ್ದರೆ ಮಗುವಿಗೆ ಸುಮಾರು ಅಷ್ಟೇ ಎತ್ತರದ ನೀರಿನ ಒತ್ತಡ ಸಿಗುತ್ತದೆ ಎಂಬ ಸರಳತೆ ಓದುಗರನ್ನು ಬೆರಗುಗೊಳಿಸಬಲ್ಲದು. ರಾತ್ರಿ ಪಾಳಿಯುದ್ದಕ್ಕೂ ಆ ಗುಳುಗುಳು ಸದ್ದಿಗೆ ಕಿವಿಗೊಟ್ಟು ಕೂತವರು ನೀವು. ಅದನ್ನು ನಾನು ಊಹಿಸಿ ಬರೆಯಲಾರೆ.

‘ಆಮ್ಲಜನಕ ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಿರಿ. 1940 ಮತ್ತು 50ರ ದಶಕಗಳಲ್ಲಿ ಮಿತಿಯಿಲ್ಲದೆ ಕೊಟ್ಟ ಆಮ್ಲಜನಕದಿಂದಲೇ ಸಾವಿರಾರು ಶಿಶುಗಳು ದೃಷ್ಟಿ ಕಳೆದುಕೊಂಡವು. ಇಂಥ ಮಕ್ಕಳ ರಕ್ತದ ಆಮ್ಲಜನಕ ಪ್ರಮಾಣವನ್ನು ಸಾಮಾನ್ಯವಾಗಿ ಶೇ. 90ರಿಂದ 95ರೊಳಗೆ ಇಡಲು ನೀವೇ ಮಾನಿಟರ್ ಕಾಯುತ್ತೀರಲ್ಲವೇ?

1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ನವಜಾತ ಮಗ ಪ್ಯಾಟ್ರಿಕ್ ಇದೇ ಉಸಿರಾಟದ ತೊಂದರೆಯಿಂದ ತೀರಿಕೊಂಡದ್ದಕ್ಕೆ ವೈದ್ಯರ ಅಲಕ್ಷ್ಯ ಕಾರಣವೆಂದು ಬರೆದಿರುವುದೂ ಸರಿಯಲ್ಲ. ಸರ್ಫ್ಯಾಕ್ಟಂಟ್ ಕೊರತೆಯೇ ಮೂಲವೆಂದು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲೇ ತೋರಿಸಿದ್ದರೂ, ಶಿಶುಗಳಿಗೆ ಸಿಪ್ಯಾಪ್ ಬಳಸಿದ ಅಮೆರಿಕದ ವೈದ್ಯ ಗ್ರೆಗರಿಯವರ ವರದಿ ಬಂದದ್ದು 1971ರಲ್ಲಿ. ಸರ್ಫ್ಯಾಕ್ಟಂಟನ್ನೇ ಶ್ವಾಸನಾಳಕ್ಕೆ ಹಾಕಿ ಜಪಾನಿನ ವೈದ್ಯ ಫುಜಿವಾರಾ ಫಲ ಕಂಡದ್ದು 1980ರಲ್ಲಿ. ಕಾರಣ ಗೊತ್ತಿದ್ದೂ ಮದ್ದಿಲ್ಲದ ಆ ವರ್ಷಗಳ ಸಂಕಟ ನಿಮ್ಮ ಲೇಖನಕ್ಕೆ ಬೇಕು.

ಇನ್ನು, ತಾಯಿಯ ಹೆಸರು ಮತ್ತು ಮನೆಯ ವಿಳಾಸವನ್ನು ಕೈಬಿಡಿ. ಆದರೆ ತಾಯಿಯನ್ನು ಕೈಬಿಡಬೇಡಿ. ದಿನ ತುಂಬುವ ಮುನ್ನ ಹೆರಿಗೆಯಾಗುವ ಸೂಚನೆ ಕಂಡಾಗ ಆಕೆಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಗರ್ಭದಲ್ಲೇ ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ. ಈ ತಾಯಿಗೆ ಅದು ಸಿಕ್ಕಿತ್ತೇ, ಸಿಗದಿದ್ದರೆ ಏಕೆ ಸಿಗಲಿಲ್ಲ ಎಂಬುದನ್ನು ವಿಚಾರಿಸಿ, ಆಂಬುಲೆನ್ಸ್ ಹೊರಡುವ ಮೊದಲೇ ಬರೆಯಿರಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇಂತು,
ಸಂಪಾದಕ