ಬಾಗಿಲ ಬಾಯಿಗೆ ಬೀಗ

(ಮನೆ ರಿಪೇರಿ ಕುರಿತು ಓದುಗರ ಪ್ರಶ್ನೆಗಳು. ಉತ್ತರಿಸುವವರು ಕಾರವಾರ ಕೋಡಿಬಾಗದ ಹಿರಿಯ ಬಡಗಿ.)

ಪ್ರಶ್ನೆ: ಆಚಾರಿಯವರೇ, ನಮಸ್ಕಾರ. ಕಳೆದ ವರ್ಷ ಹಬ್ಬುವಾಡದಲ್ಲಿ ಒಂದು ಹಳೇ ಮನೆ ಕೊಂಡೆವು. ಮೊದಲಿನ ಯಜಮಾನರು ಹಡಗಿನಲ್ಲಿ ಕೆಲಸ ಮಾಡಿದವರಂತೆ. ಎಲ್ಲಿಂದಲೋ ಹಿತ್ತಾಳೆಯ ಟಪಾಲು ಕಿಂಡಿ (ಹೊರಗಿನಿಂದ ಕಾಗದ ತೂರಿಸುವ, ಮುಚ್ಚಳವಿರುವ ಕಿಂಡಿ) ತಂದು ಎದುರು ಬಾಗಿಲಿಗೆ ಕೂರಿಸಿದ್ದಾರೆ. ನೋಡಲು ಚಂದವೇ. ಆದರೆ ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆ. ಗಾಳಿಗೆ ಮುಚ್ಚಳ ರಾತ್ರಿಯಿಡೀ ಟಪ್ ಟಪ್ ಅನ್ನುತ್ತದೆ. ಓಣಿಯ ಮಕ್ಕಳು ಅದನ್ನೆತ್ತಿ ಇಣುಕುತ್ತಾರೆ. ನನ್ನ ಗಂಡನಿಗೆ ವಾರದಲ್ಲಿ ಮೂರು ದಿನ ರಾತ್ರಿ ಪಾಳಿ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮೊನ್ನೆ ಬ್ಯಾಂಕಿನ ಲಕೋಟೆಯೊಂದು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. ಯಾರು ಬೇಕಾದರೂ ಎಳೆದುಕೊಂಡು ಹೋಗಬಹುದಿತ್ತು. ಹಲಗೆ ಹೊಡೆಸಿ ಮುಚ್ಚಿಸೋಣ ಅಂದರೆ ಅತ್ತೆ, ‘ತಲಬಾಗಿಲಿಗೆ ಮೊಳೆ ಹೊಡೆಯಬಾರದು’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ತಂಗೀ, ನಿಮ್ಮ ಅತ್ತೆ ಹೇಳಿದ್ದು ಸರಿಯಾಗಿಯೇ ಇದೆ. ಶಾಸ್ತ್ರದ ಮಾತು ಅವರಿಗೆ ಬಿಡೋಣ. ಬಡಗಿಯಾಗಿ ನಾನೂ ಅದನ್ನೇ ಹೇಳುತ್ತೇನೆ. ಹಳೇ ಹಲಸಿನ ಬಾಗಿಲಿಗೆ ಕಬ್ಬಿಣದ ಮೊಳೆ ಹೊಡೆದರೆ ನಮ್ಮ ಉಪ್ಪುಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕು ಇಳಿದು, ಬಾಗಿಲು ಅತ್ತ ಹಾಗೆ ಕಾಣುತ್ತದೆ. ಮೊಳೆ ಇಲ್ಲದೆಯೇ ಇದನ್ನು ಮುಚ್ಚಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪರೀಕ್ಷೆ. ಅತ್ತೆಯವರಿಗೆ ಒಳಗಿನಿಂದ ಚಿಲಕ ಹಾಕಲು ಹೇಳಿ, ನೀವು ಹೊರಗೆ ನಿಲ್ಲಿ. ಮುಚ್ಚಳ ಎತ್ತಿ ಕೈ ಒಳಗೆ ಹಾಕಿ. ನಿಮ್ಮ ಕೈ ಎಲ್ಲಿಯವರೆಗೆ ಹೋಗುತ್ತದೆ? ಮಣಿಕಟ್ಟಿಗೇ ನಿಂತರೂ ಸಮಾಧಾನ ಪಡಬೇಡಿ. ಒಂದು ಹಳೇ ಕೊಡೆಯ ಕಡ್ಡಿ ತಂದು ತುದಿ ಬಗ್ಗಿಸಿ. ಮಾವಿನಕಾಯಿ ಕೀಳುವ ದೋಟಿ ಇರುತ್ತಲ್ಲ, ಅದರ ಮರಿ. ಅದನ್ನು ತೂರಿಸಿ ಚಿಲಕಕ್ಕೆ ಸಿಗುತ್ತದೋ ನೋಡಿ. ನನ್ನ ಅಂದಾಜಿನ ಪ್ರಕಾರ ಸಿಕ್ಕೇ ಸಿಗುತ್ತದೆ. ಯಾಕೆಂದರೆ ಇಂಥ ಕಿಂಡಿ ಕೂರಿಸುವವರು ಬಾಗಿಲ ನಡುವಿಗೆ ಚಂದ ಕಾಣಲಿ ಅಂತ ಕೂರಿಸುತ್ತಾರೆ. ನಮ್ಮ ಚಿಲಕವೂ ಅಲ್ಲೇ ನಡುವಿಗೇ ಇರುತ್ತದೆ.

ನೀವು ಲಕೋಟೆ ಹೋದೀತು ಅಂತ ಹೆದರಿದ್ದೀರಿ. ನನಗೆ ಹೆದರಿಕೆ ಚಿಲಕದ್ದು.

ನೀವು ಬರೆಯದೆ ಬಿಟ್ಟದ್ದು ಒಂದಿದೆ. ಕೀಲಿಕೈ ಗೊಂಚಲು ಎಲ್ಲಿ ತೂಗುಹಾಕುತ್ತೀರಿ? ಬಾಗಿಲ ಪಕ್ಕದ ಗೂಟಕ್ಕೆ ತಾನೇ? ಕಾರವಾರದ ಹತ್ತರಲ್ಲಿ ಎಂಟು ಮನೆಯಲ್ಲಿ ನಾನು ಕಂಡದ್ದು ಹಾಗೇ. ಅದನ್ನು ಇವತ್ತೇ ಕಿಂಡಿಯಿಂದ ದೂರದ ಒಳಗೋಡೆಗೆ ಸಾಗಿಸಿ. ಹಾಗಂತ ಯಾರಿಗೂ ಗೊತ್ತಾಗದ ಹಾಗೆ ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಡಿ. ರಾತ್ರಿ ಗ್ಯಾಸು ಸೋರಿ ಬೆಂಕಿ ಹತ್ತಿಕೊಂಡರೆ ಅತ್ತೆಯವರು ಕತ್ತಲಲ್ಲೂ ಕೈಯಾಡಿಸಿ ತೆಗೆದುಕೊಳ್ಳುವಂತಿರಬೇಕು.

ಈ ಕಿಂಡಿಯ ಊರು ಇಂಗ್ಲೆಂಡು. ಅಲ್ಲಿ 1840ಕ್ಕೆ ಮೊದಲು ಕಾಗದ ಬಂದರೆ ಹೆಚ್ಚಾಗಿ ತೆಗೆದುಕೊಳ್ಳುವವರೇ ದುಡ್ಡು ಕೊಡಬೇಕಿತ್ತು. ಅಂಚೆಯವನು ಬಾಗಿಲು ತಟ್ಟಿ ಕಾಯಲೇಬೇಕು. ಆ ವರ್ಷ ಕಳಿಸುವವರೇ ಅಂಚೆಚೀಟಿ ಹಚ್ಚುವ ಪದ್ಧತಿ ಬಂತು. ದುಡ್ಡಿನ ಮಾತೇ ಇಲ್ಲ ಅಂದಮೇಲೆ ಕಾಯುವುದು ಯಾಕೆ? ಬಾಗಿಲಿಗೊಂದು ತೂತು ಮಾಡಿ, ತೂರಿಸಿ ಹೋಗೋಣ ಅಂತಾಯಿತು. ಚಳಿಯ ದೇಶ, ಮನೆ ರಸ್ತೆಗೇ ಅಂಟಿಕೊಂಡಿರುತ್ತದೆ. ಅವರಿಗೆ ಅದು ಸರಿ. ನಮಗೆ ಜಗುಲಿ ಇತ್ತು. ಟಪಾಲಿನವನು ಜಗುಲಿಗೆ ಬಂದು, ಕಾಗದ ಕೊಟ್ಟು, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದ. ನಮ್ಮ ಹಳೇ ಬಾಗಿಲುಗಳಿಗೆ ತೂತು ಇಲ್ಲದಿರುವುದು ಅದಕ್ಕೇ.

ಅಲ್ಲಿಯ ಕಳ್ಳರೂ ಈಗ ಕಡ್ಡಿ ತೂರಿಸಿ ಕೀಲಿಕೈ ಎತ್ತುತ್ತಾರಂತೆ. ಅದಕ್ಕೇ ಅಲ್ಲಿಯವರು ಕಿಂಡಿಗೂ ಬೀಗಕ್ಕೂ ಕನಿಷ್ಠ 40 ಸೆಂಟಿಮೀಟರ್ ಅಂತರ ಇರಲಿ ಅನ್ನುತ್ತಾರೆ. ಹೆಚ್ಚುಕಡಿಮೆ ಒಂದು ಮೊಳ. ನಿಮ್ಮದನ್ನು ಅಳೆದು ನೋಡಿ. ಗೇಣು ಕೂಡ ಇರಲಿಕ್ಕಿಲ್ಲ.

ಈಗ ಕೆಲಸಕ್ಕೆ ಬರೋಣ. ಕಿಂಡಿ ಮುಚ್ಚುವ ಮೊದಲು ಗೇಟಿಗೆ ಟಪಾಲು ಪೆಟ್ಟಿಗೆ ಹಾಕಿಸಿ. ಈ ಕ್ರಮ ತಪ್ಪಬಾರದು. ಇದನ್ನು ನಾನು ಬೈಸಿಕೊಂಡು ಕಲಿತಿದ್ದೇನೆ. ಕುಮಟಾದ ಒಂದು ಮನೆಯಲ್ಲಿ, ಆಗ ನನಗೆ ಮೂವತ್ತೂ ಆಗಿರಲಿಲ್ಲ, ಆಷಾಢದಲ್ಲಿ ಇಂಥದೇ ಕಿಂಡಿಗೆ ಪ್ಲೈವುಡ್ ಬಡಿದು ಮುಚ್ಚಿದೆ. ಪೆಟ್ಟಿಗೆ ಆಮೇಲೆ ನೋಡೋಣ ಅಂದೆ. ಮರುವಾರ ಮನೆಯ ಮಗನಿಗೆ ಸಂದರ್ಶನದ ಕಾಗದ ಬಂತು. ಮನೆಯವರು ತೋಟದಲ್ಲಿದ್ದರು. ಟಪಾಲಿನವನು ಕಿಂಡಿ ಹುಡುಕಿದ, ಸಿಗಲಿಲ್ಲ. ಹೂವಿನ ಕುಂಡದ ಕೆಳಗಿಟ್ಟು ಹೋದ. ಸಂಜೆ ಸಿಕ್ಕಿದಾಗ ಹೆಸರು ಓದುವಂತಿತ್ತು, ತಾರೀಕು ಮಾತ್ರ ತೊಳೆದುಹೋಗಿತ್ತು. ಆ ಮನೆಯ ಅಮ್ಮ ಮುಂದೆ ಎರಡು ವರ್ಷ ನನಗೆ ಚಾ ಕೊಡಲಿಲ್ಲ. ಪ್ಲೈವುಡ್ಡೂ ದೀಪಾವಳಿ ಹೊತ್ತಿಗೆ ಹಪ್ಪಳದ ಹಾಗೆ ಎದ್ದಿತ್ತು, ಬಿಡಿ.

ಪೆಟ್ಟಿಗೆಯ ಬಾಯಿ 24 ಸೆಂಟಿಮೀಟರಿಗಿಂತ ಅಗಲ ಇರಲಿ. ಎ4 ಹಾಳೆ ಮಡಚದೆ ಹಿಡಿಸುವ ದೊಡ್ಡ ಲಕೋಟೆಯ ಅಗಲ ಸುಮಾರು 23. ನಿಮ್ಮ ಬ್ಯಾಂಕಿನ ಲಕೋಟೆ ಸಿಕ್ಕಿಕೊಂಡದ್ದು ಇದೇ ಕಾರಣಕ್ಕೆ ಇರಬೇಕು. ಬಾಯಿ ಪಡುವಣಕ್ಕೆ ಬೇಡ, ನಮ್ಮ ಮಳೆ ಬರುವುದೇ ಆ ಕಡೆಯಿಂದ. ಮೇಲೆ ಇಳಿಜಾರು ಚಾವಣಿ, ತಳಕ್ಕೆ ನೀರಿಳಿಯಲು ಎರಡು ಸಣ್ಣ ತೂತು. ಬೀಗ ಹಿತ್ತಾಳೆಯದು. ಹೊರಗೆ ಮನೆ ನಂಬರು ದೊಡ್ಡದಾಗಿ ಬರೆಸಿ. ಟಪಾಲಿನವರಿಗೆ ಬಾಯಿಬಿಟ್ಟು ಹೇಳಿ, ‘ಇನ್ಮೇಲೆ ಇಲ್ಲಿ ಹಾಕಿ’ ಅಂತ. ಪೆಟ್ಟಿಗೆ ಇದೆ ಅಂತ ಅವರಿಗೆ ಕನಸು ಬೀಳುವುದಿಲ್ಲ. ಸ್ಪೀಡ್ ಪೋಸ್ಟಿಗೆ ಪೆಟ್ಟಿಗೆಯ ಚಿಂತೆ ಬೇಡ, ಅದನ್ನು ಕೈಗೇ ಕೊಡುವುದು ಪದ್ಧತಿ. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಕೊಂಡಿದೆ.

ಹದಿನೈದು ದಿನ ಪೆಟ್ಟಿಗೆಗೇ ಟಪಾಲು ಬೀಳುತ್ತಿದೆ ಅಂತ ಖಾತ್ರಿಯಾದ ಮೇಲೆ ಕಿಂಡಿಗೆ ಕೈ ಹಚ್ಚಿ.

ಹಿತ್ತಾಳೆ ತಟ್ಟೆಯನ್ನು ಒಳಗಿನಿಂದ ನೋಡಿ. ಎರಡು ತುದಿಯಲ್ಲಿ ಎರಡು ಬೋಲ್ಟು ಬಾಗಿಲು ದಾಟಿ ಬಂದಿರುತ್ತವೆ. ಆ ಎರಡು ತೂತೇ ನಮಗೆ ಸಾಕು. ಬೋಲ್ಟು ಬಿಚ್ಚಿ, ತಟ್ಟೆ ತೆಗೆದು, ಕಿಂಡಿಯ ಅಳತೆಗೆ ಒಂದು ಮರದ ತುಂಡು ಕೀಸಿ ಒಳಗೆ ಕೂರಿಸಬೇಕು. ಬಾಗಿಲು ಹಲಸಿನದಾದರೆ ತುಂಡೂ ಹಲಸಿನದೇ, ಅದೂ ಹಳೇ ಒಣಗಿದ ಮರ. ತುಂಡಿನ ಎಳೆ, ಅಂದರೆ ಮರದ ನಾರಿನ ಸಾಲು, ಬಾಗಿಲ ಎಳೆಯ ದಿಕ್ಕಿಗೇ ಇರಬೇಕು. ಅಡ್ಡ ಇಟ್ಟರೆ ಮಳೆಗಾಲದಲ್ಲಿ ಬಾಗಿಲು ಒಂದು ಕಡೆ ಉಬ್ಬುತ್ತದೆ, ತುಂಡು ಇನ್ನೊಂದು ಕಡೆ. ಆಮೇಲೆ ಒಳಬದಿಗೆ ಎರಡು ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು. ಕಿಂಡಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಿರಲಿ. ಅದಕ್ಕೆ ಹಳೇ ತೂತಿನ ನೇರಕ್ಕೇ ತೂತು ಕೊರೆಸಿ, ಹೊರಗಿನ ಹಿತ್ತಾಳೆ ತಟ್ಟೆಯನ್ನೂ ಒಳಗಿನ ತಗಡನ್ನೂ ಅದೇ ಬೋಲ್ಟಿನಿಂದ ಬಿಗಿಸುವುದು. ನಟ್ಟು ಒಳಗೆ. ಹೊರಗಿನವನಿಗೆ ಬಿಚ್ಚಲು ಏನೂ ಸಿಗುವುದಿಲ್ಲ. ಹಿತ್ತಾಳೆ ಮೊದಲಿನ ಹಾಗೇ ಹೊಳೆಯುತ್ತಿರುತ್ತದೆ. ಹೊಸ ಮೊಳೆ ಒಂದೂ ಇಲ್ಲ ಅಂತ ಅತ್ತೆಯವರಿಗೆ ತೋರಿಸಿ.

ಸ್ಟೀಲು ಅಂದಕೂಡಲೇ ಅಂಗಡಿಯವನು 304 ಅನ್ನುವ ದರ್ಜೆಯದು ಕೊಡುತ್ತಾನೆ. ಕಡಲ ಹತ್ತಿರ ಅದಕ್ಕೂ ಕಂದು ಚುಕ್ಕೆ ಬೀಳುತ್ತದೆ. 316 ದರ್ಜೆಯದು ಕೇಳಿ, ರೇಟು ಜಾಸ್ತಿ. ಹಿತ್ತಾಳೆಯ ಜತೆ ಕಬ್ಬಿಣದ ಬೋಲ್ಟು ಮಾತ್ರ ಬೇಡವೇ ಬೇಡ. ಉಪ್ಪಿನ ತೇವ ತಾಗಿದರೆ ಬರಿ ಕಬ್ಬಿಣಕ್ಕಿಂತ ಬೇಗ ತುಕ್ಕು ತಿನ್ನುತ್ತದೆ.

ನೀರಿಗೆ ಒಂದು ಉಪಾಯ. ಹೊರಗಿನ ತಟ್ಟೆಯ ಮೇಲಂಚು ಮತ್ತು ಎರಡು ಪಕ್ಕಕ್ಕೆ ಸಿಲಿಕಾನ್ ಎಳೆಸಿ. ಕೆಳಗಿನ ಅಂಚು ಹಾಗೇ ಬಿಡಿ. ನಾಲ್ಕೂ ಕಡೆ ಮುಚ್ಚಿದರೆ ಹೇಗೋ ನುಗ್ಗಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಮರ ಕೊಳೆಯುತ್ತದೆ. ಮುಚ್ಚಳದ ಹಿಂದೆ ಒಂದು ಚೂರು ರಬ್ಬರ್ ಅಂಟಿಸಿದರೆ ಟಪ್ ಟಪ್ ನಿಲ್ಲುತ್ತದೆ.

ಇದೆಲ್ಲ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಮಾಡಿಸಿ. ಅಲ್ಲಿಯವರೆಗೆ ಚಿಲಕದ ಜತೆಗೆ ಬಾಗಿಲ ತುದಿಯಲ್ಲೊಂದು, ಬುಡದಲ್ಲೊಂದು ಟವರ್ ಬೋಲ್ಟ್ (ಸರಳು ಜಾರಿಸುವ ಅಗುಳಿ) ಹಾಕಿಸಿಕೊಳ್ಳಿ. ಕೊಡೆ ಕಡ್ಡಿಗೆ ಅಷ್ಟು ದೂರ ಹೋಗಿ ಎಳೆಯುವ ಬಲ ಇರುವುದಿಲ್ಲ. ಅದಕ್ಕೆ ಸ್ಕ್ರೂ ಬೇಕಾಗುತ್ತದೆ. ‘ಇದು ಮೊಳೆ ಅಲ್ವಾ?’ ಅಂತ ಅತ್ತೆ ಕೇಳಿದರೆ ತಿರುಗಿಸುವುದು ಬೇರೆ, ಬಡಿಯುವುದು ಬೇರೆ ಅನ್ನಿ. ನಾನು ನಲವತ್ತು ವರ್ಷ ಹಾಗೇ ಹೇಳಿ ಪಾರಾಗಿದ್ದೇನೆ.

ಪ್ರಶ್ನೆ: ನಮ್ಮದು ಶಿರಸಿಯಲ್ಲಿ ಬಾಡಿಗೆ ಮನೆ. ಬಾಗಿಲ ಕಿಂಡಿಯಲ್ಲಿ ಬರೇ ಜಾಹೀರಾತು ಕಾಗದ ತುರುಕುತ್ತಾರೆ. ಬಾಗಿಲಿಗೆ ಏನೂ ಮಾಡಬೇಡಿ ಅಂತ ಮನೆ ಮಾಲೀಕರ ತಾಕೀತು.
– ಓದುಗರು, ಶಿರಸಿ

ಉತ್ತರ: ಬಾಡಿಗೆ ಮನೆಯ ಬಾಗಿಲು ಹೆಚ್ಚಾಗಿ ಫ್ಲಶ್ ಡೋರು, ಅಂದರೆ ಎರಡೂ ಬದಿಗೆ ತೆಳು ಹಲಗೆ ಅಂಟಿಸಿದ ಸಪಾಟು ಬಾಗಿಲು. ಒಳಗೆ ಪೊಳ್ಳು ಇದ್ದರೂ ಇದ್ದೀತು, ಸ್ಕ್ರೂ ಹಿಡಿಯುವುದಿಲ್ಲ. ಮಾಲೀಕರು ಹೇಳಿದ್ದು ನಿಮ್ಮ ಒಳ್ಳೆಯದಕ್ಕೇ ಅಂದುಕೊಳ್ಳಿ. ಇರುವ ಎರಡು ಬೋಲ್ಟಿಗೇ ಒಳಗಿನಿಂದ ಒಂದು ತಗಡಿನ ಗೂಡು ತೂಗುಹಾಕಿಸಿ. ಮೇಲೆ, ಎದುರಿಗೆ, ಪಕ್ಕಕ್ಕೆ ಮುಚ್ಚಿರಬೇಕು, ಕೆಳಗೆ ಮಾತ್ರ ತೆರೆದಿರಬೇಕು. ಕಾಗದ ಜಾರಿ ಕೆಳಗೆ ಬೀಳುತ್ತದೆ. ಒಳಬಂದ ಕೈ ಮೇಲಕ್ಕೂ ಪಕ್ಕಕ್ಕೂ ತಿರುಗುವುದಿಲ್ಲ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಅಂಟು ಟೇಪಿನಲ್ಲಿ ನಿಲ್ಲಿಸುತ್ತೇನೆ ಅಂತ ಸುಮ್ನೆ ದುಡ್ಡು ಹಾಳು ಮಾಡಬೇಡಿ. ನಿಮ್ಮೂರಿನ ಜುಲೈ ತಿಂಗಳ ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ.

‘ಟಪಾಲು ಮಾತ್ರ’ ಅಂತ ಬರೆದು ಹಚ್ಚಿ, ಅರ್ಧ ಜನ ಕೇಳಿಯಾರು. ನಾಲ್ಕು ದಿನ ಊರಿಗೆ ಹೋಗುವಾಗ ಕಿಂಡಿಯಲ್ಲಿ ಸಿಕ್ಕಿದ ಕಾಗದ ಎಳೆದು ಒಳಗಿಡಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಮಾರಿಕಾಂಬಾ ಜಾತ್ರೆಯ ವರ್ಷವಂತೂ ಮರೆಯಬೇಡಿ. ಊರಿಗೇ ಹೊಸಬರು ತುಂಬಿರುತ್ತಾರೆ, ಬಾಗಿಲಲ್ಲಿ ತೂಗುವ ಕಾಗದದ ಕಟ್ಟು ನೋಡಿದರೆ ಮನೆ ಖಾಲಿ ಅಂತ ಯಾರಿಗೂ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಟಪಾಲು ಕಿಂಡಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಮುಚ್ಚಳ ಏಳುವುದೇ ಇಲ್ಲ. ಟಪಾಲಿನವರು ಹೆದರಿ ಕಾಗದ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾರೆ. ಕೀಳಲೇ?
– ಓದುಗರು, ಹೊನ್ನಾವರ

ಉತ್ತರ: ಗೂಡಿಗೆ ದುಂಡು ತೂತು ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಮರಿ ಹಾರಿಹೋಗಿದೆ, ಹಳೇ ಚಾಕುವಿನಿಂದ ಕೆರೆದುಬಿಡಿ. ಇನ್ನೂ ಮುಚ್ಚಿದ್ದರೆ ಸ್ವಲ್ಪ ದಿನ ತಡೆಯಿರಿ. ಅದು ಜೇಡ ಹಿಡಿದು ತಂದು ಮರಿಗೆ ತುಂಬಿಟ್ಟಿರುತ್ತದೆ, ಹಿಡಿದು ಒತ್ತಿದರೆ ಹೊರತು ತಾನಾಗಿ ಬಂದು ಕಚ್ಚುವುದು ಕಡಿಮೆ. ಅಲ್ಲಿಯವರೆಗೆ ಗೇಟಿಗೆ ಒಂದು ಮುಚ್ಚಳದ ಡಬ್ಬ ಕಟ್ಟಿ. ನಿಮ್ಮ ಬಾಗಿಲಿಗೆ ಪುಕ್ಕಟೆ ಕಾವಲುಗಾರ ಸಿಕ್ಕಿದ್ದಾನೆ, ಮಾರಾಯ್ರೇ. ಹಬ್ಬುವಾಡದ ತಂಗಿಗೆ ಒಂದು ಕಳಿಸಿಕೊಡಿ.