ಗೆಳತಿ ಕೊಟ್ಟ ಪುಸ್ತಕ ಮುಂದಕ್ಕೇ ಹೋಗ್ತಿಲ್ಲ

ಪ್ರಶ್ನೆ: ನನ್ನ ಮನೆ ಉಡುಪಿ, ಕೆಲಸ ಮಂಗಳೂರಲ್ಲಿ. ಆಫೀಸಿನ ಗೆಳತಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಕೊಟ್ಟು ‘ನೀನು ಇದನ್ನು ಓದಲೇಬೇಕು ಮಾರಾಯ್ತಿ’ ಅಂದಳು. ದಿನಾ ಬಸ್ಸಿನಲ್ಲಿ ತೆರೆಯುತ್ತೇನೆ, ನಾಲ್ಕು ಪುಟಕ್ಕೆ ನಿದ್ದೆ. ಬರೀ ಗದ್ದೆ, ಮಳೆ, ಮನೆಕೆಲಸ. ಕತೆಯೇ ಶುರುವಾಗುತ್ತಿಲ್ಲ. ಊಟದ ಹೊತ್ತಿಗೆ ಅವಳದ್ದು ಒಂದೇ ಪ್ರಶ್ನೆ, ‘ಎಲ್ಲಿಗೆ ಬಂತು?’ ಓದಿದೆ, ಚೆನ್ನಾಗಿದೆ ಅಂತ ಹೇಳಿ ಸುಮ್ನೆ ವಾಪಸ್ ಕೊಡಲಾ?
– ಓದುಗಿ, ಉಡುಪಿ

ಉತ್ತರ: ಅದೊಂದು ಮಾತ್ರ ಮಾಡಬೇಡಿ. ‘ಹಾಗಾದ್ರೆ ನಾಗವೇಣಿ ಬಗ್ಗೆ ಏನನ್ನಿಸಿತು?’ ಅಂತ ಕೇಳಿಯೇ ಕೇಳುತ್ತಾಳೆ. ನೀವಿನ್ನೂ ಅವಳ ಮದುವೆಯವರೆಗೂ ಬಂದಿರುವುದಿಲ್ಲ.

ಮೊದಲು ಬಸ್ಸಿನ ವಿಷಯ. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು, ಬ್ರೇಕು, ಕಂಡಕ್ಟರ ಕೂಗು, ಇದರ ನಡುವೆ ಮೂರು ತಲೆಮಾರಿನ ಸಂಸಾರ ತಲೆಗೆ ಹೋಗುವುದಾದರೂ ಹೇಗೆ! ರಾತ್ರಿ ಮನೆಯಲ್ಲಿ ಓದಿ.

ಇನ್ನು, ಕತೆ ಶುರುವಾಗಿದೆ. ನೀವು ರಾಮ ಐತಾಳರನ್ನು ನೋಡಿಕೊಂಡು ಕೂತಿದ್ದೀರಿ ಅಂತ ನನ್ನ ಅನುಮಾನ. ಅವರನ್ನು ಸ್ವಲ್ಪ ಬಿಟ್ಟು ಪಾರೋತಿ, ಸರಸೋತಿಯರ ಹಿಂದೆ ಹೋಗಿ. ಒಬ್ಬಳು ಹೆಂಡತಿ, ಇನ್ನೊಬ್ಬಳು ಗಂಡನನ್ನು ಕಳೆದುಕೊಂಡು ತವರಲ್ಲೇ ಉಳಿದ ತಂಗಿ. ಗದ್ದೆಯಲ್ಲಿ ದುಡಿಯುವುದು ಅವರು, ಮಳೆಗಾಲದಲ್ಲಿ ಹೊಳೆಯಲ್ಲಿ ತೇಲಿಬರುವ ಮರ ಹಿಡಿಯುವುದೂ ಅವರೇ, ಆದರೆ ಮನೆಯ ದೊಡ್ಡ ವಿಷಯಗಳಲ್ಲಿ ಅವರನ್ನು ಕೇಳುವವರಿಲ್ಲ. ಮಕ್ಕಳಾಗಲಿಲ್ಲ ಅಂತ ಐತಾಳರು ಇನ್ನೊಂದು ಮದುವೆ ಆಗುವ ಹೊತ್ತಿಗೆ ನಿಮಗೆ ಸಿಟ್ಟು ಬರಬೇಕು. ಬಂದರೆ ಆಮೇಲೆ ನಿದ್ದೆ ಬರಲ್ಲ. ಎರಡನೇ ಹೆಂಡತಿಯ ಮಗ ಲಚ್ಚ, ಅವನ ಹೆಂಡತಿ ನಾಗವೇಣಿ ಪಡುವ ಪಾಡು, ಅವರ ಮಗ ರಾಮ ಊರೂರು ಅಲೆದು ಮತ್ತೆ ಹಳ್ಳಿಗೇ ಬರುವುದು... ಇನ್ನು ಹೇಳಲ್ಲ.

ಈ ಕತೆಯ ಊರು ನಿಮಗೆ ದೂರವೂ ಅಲ್ಲ. ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಕೋಟದಲ್ಲಿ 1902ರಲ್ಲಿ ಕಾರಂತರು ಹುಟ್ಟಿದ್ದು. ಅಲ್ಲಿಯದೇ ಕಡಲತಡಿಯ ಬದುಕು ಇದು. ಒಂದು ಭಾನುವಾರ ಗೆಳತಿಯನ್ನೂ ಕರೆದುಕೊಂಡು ಹೋಗಿ ಬನ್ನಿ, ಪುಸ್ತಕದ ಗದ್ದೆ, ಮಳೆ ಇಷ್ಟು ಬೇಜಾರು ಅನಿಸಲಿಕ್ಕಿಲ್ಲ.

ಅವಳಿಗೆ ನಿಜ ಹೇಳಿ: ಇಂಥ ಕಡೆ ನಿಂತಿದ್ದೇನೆ, ಮುಂದೆ ಹೋಗ್ತಿಲ್ಲ ಮಾರಾಯ್ತಿ, ನಿನಗೆ ಇದರಲ್ಲಿ ಏನು ಅಷ್ಟು ಹಿಡಿಸಿತು? ಬೇಜಾರು ಮಾಡಿಕೊಳ್ಳುವ ಬದಲು ಅವಳು ಅರ್ಧ ಗಂಟೆ ಮಾತಾಡುತ್ತಾಳೆ, ನೋಡಿ. ದಿನಾ ಕೇಳುತ್ತಿರುವುದೂ ಅದಕ್ಕೇ ಅಲ್ವಾ?

ಇಷ್ಟಾದರೂ ಓದಲಾಗದಿದ್ದರೆ ಧಾರಾಳವಾಗಿ ವಾಪಸ್ ಕೊಡಿ. ಕಾರಂತರದ್ದೇ ‘ಚೋಮನ ದುಡಿ’ ಇದೆ, 1933ರ ಕಾದಂಬರಿ, ಪುಟ ತುಂಬಾ ಕಡಿಮೆ. ಪುಸ್ತಕ ಕೊಡುವಾಗಲೇ ಅವಳನ್ನು ಕೇಳಿ, ಮನೆಯಲ್ಲಿ ಇದ್ದರೂ ಇದ್ದೀತು.