ಬೇರೆಯವರ ದೇವರ ಮನೆಯಲ್ಲಿ ಅತ್ತರೆ ತಪ್ಪಾ?

ಈ ಸಲ ಬಂದ ಪತ್ರಗಳಲ್ಲಿ ಸಾವಿನ ವಿಷಯವೇ ಜಾಸ್ತಿ. ಮೂರಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಶಿವಮೊಗ್ಗದ ಕಡೆ. ಈಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಹೋದ ವರ್ಷ ನನ್ನ ಗಂಡ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮನೆಯಲ್ಲೇ ಹಾಸ್ಪಿಸ್‌ನವರು, ಅಂದರೆ ಗುಣವಾಗದ ರೋಗಿಗಳ ಕೊನೆಗಾಲದ ಆರೈಕೆ ಮಾಡುವವರು, ನೋಡಿಕೊಂಡರು. ಇಲ್ಲಿಯ ಕನ್ನಡದವರು ತುಂಬಾ ಮಾಡಿದರು, ದಿನಾ ಒಬ್ಬರಲ್ಲ ಒಬ್ಬರು ಸಾರು, ಪಲ್ಯ ತಂದಿಟ್ಟು ಹೋಗುತ್ತಿದ್ದರು. ವೈಕುಂಠ ಸಮಾರಾಧನೆ ಮುಗಿಯಿತು, ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನನಗೆ ದೇವರ ದೀಪ ಹಚ್ಚಲೂ ಕೈ ಬರಲಿಲ್ಲ. ಆಗ ಪಕ್ಕದ ಮನೆಯಾಕೆ, ಅವರೂ ಗಂಡನನ್ನು ಕಳೆದುಕೊಂಡವರೇ, ಒಂದು ಚರ್ಚಿನಲ್ಲಿ ನಡೆಯುವ ಗ್ರೀಫ್‌ಶೇರ್ ಎಂಬ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ನನಗೆ ಮೊದಲ ಸಲ ಗಂಟಲು ಬಿಟ್ಟು ಅಳು ಬಂತು. ಯಾರೂ ಸಮಾಧಾನ ಮಾಡಲು ಓಡಿ ಬರಲಿಲ್ಲ, ಸುಮ್ನೆ ಕೂತಿದ್ದರು, ಅದೇ ಹಿತ ಅನ್ನಿಸಿತು. ಈಗ ಪ್ರತಿ ವಾರ ಹೋಗುತ್ತೇನೆ. ಊರಿನಲ್ಲಿರುವ ಅತ್ತೆಯವರಿಗೆ ಹೇಳಿದೆ. ‘ನಮ್ಮ ದೇವರು ಸಾಲಲಿಲ್ವಾ ನಿನಗೆ?’ ಎಂದು ಫೋನ್ ಇಟ್ಟುಬಿಟ್ಟರು. ಅಂದಿನಿಂದ ಅಲ್ಲಿ ಕೂತಾಗಲೆಲ್ಲ ಏನೋ ಕದ್ದ ಹಾಗೆ. ನಾನು ಮಾಡುತ್ತಿರುವುದು ತಪ್ಪಾ?

ಉತ್ತರ: ಇಲ್ಲಮ್ಮ, ತಪ್ಪಿಲ್ಲ. ಹೋಗಿ. ಆದರೆ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಚೆನ್ನಾಗಿ ತಿಳಿದುಕೊಂಡು ಹೋಗಿ, ಆಗ ಆ ಕಳ್ಳತನದ ಭಾವ ತಾನಾಗಿ ಕಡಿಮೆಯಾಗುತ್ತದೆ.

ಗ್ರೀಫ್‌ಶೇರ್ ಶುರುವಾಗಿದ್ದು 1998ರಲ್ಲಿ, ನಿಮ್ಮ ರಾಜ್ಯದಲ್ಲೇ. ಅದನ್ನು ರೂಪಿಸಿದ ಸಂಸ್ಥೆ ಇರುವುದು ನಿಮಗೆ ದೂರವಲ್ಲದ ವೇಕ್ ಫಾರೆಸ್ಟ್‌ನಲ್ಲಿ. 13 ವಾರದ ಕಾರ್ಯಕ್ರಮ. ವಾರಕ್ಕೊಮ್ಮೆ ಒಂದು ವಿಡಿಯೊ, ಆಮೇಲೆ ಮಾತುಕತೆ, ಮನೆಯಲ್ಲಿ ಬರೆಯಲು ಒಂದು ಪುಸ್ತಕ. ಒಂದು ವಾರದ್ದಕ್ಕೂ ಇನ್ನೊಂದು ವಾರದ್ದಕ್ಕೂ ಗಂಟು ಹಾಕಿಲ್ಲ, ಯಾವ ವಾರದಿಂದ ಬೇಕಾದರೂ ಸೇರಬಹುದು. ಇದನ್ನು ಮಾಡಿದವರಿಗೆ ದುಃಖದ ಮನಸ್ಸು ಗೊತ್ತು ಅನ್ನಿಸುವುದು ಇಲ್ಲೇ. ದುಃಖದಲ್ಲಿರುವವರಿಗೆ ‘ಮುಂದಿನ ಬ್ಯಾಚ್‌ಗೆ ಬನ್ನಿ’ ಎಂದರೆ ಅವರು ಬರುತ್ತಾರಾ? ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಹತ್ತಿರ ಬಂದಾಗ ಹಬ್ಬದ ದಿನಗಳನ್ನು ಕಳೆಯುವುದು ಹೇಗೆ ಎಂಬುದಕ್ಕೇ ಪ್ರತ್ಯೇಕವಾಗಿ ಒಂದು ದಿನ ಸೇರುತ್ತಾರೆ. ನಮಗೂ ಗೊತ್ತಲ್ಲ, ಸತ್ತ ವರ್ಷದ ಯುಗಾದಿ ಮನೆಯಲ್ಲಿ ಹೇಗಿರುತ್ತದೆ ಎಂದು.

ಹಾಗೆಯೇ ಇನ್ನೊಂದು ಮಾತನ್ನೂ ಮುಚ್ಚಿಡುವುದು ಬೇಡ. ಇದು ಕ್ರೈಸ್ತ ಕಾರ್ಯಕ್ರಮ. ಎಲ್ಲ ಧರ್ಮದವರೂ ಬರಬಹುದು ನಿಜ, ಆದರೆ ವಿಡಿಯೊದಲ್ಲಿ ಬೈಬಲ್ ಇರುತ್ತದೆ, ಸಾಂತ್ವನ ಯೇಸುವಿನಲ್ಲಿದೆ ಎಂಬ ಮಾತೂ ನೇರವಾಗಿಯೇ ಬರುತ್ತದೆ. ಅದು ಅವರ ನಂಬಿಕೆ, ಅವರ ಮನೆ. ಪ್ರಾರ್ಥನೆ ಮಾಡುವಾಗ ನೀವು ಕಣ್ಣು ಮುಚ್ಚಿ ಕೂತರೆ ಸಾಕು, ನಿಮ್ಮವರನ್ನು ನೆನೆಸಿಕೊಳ್ಳಿ. ‘ನಾನು ಹಿಂದೂ, ಇಲ್ಲಿಗೆ ಬರುವುದು ನಿಮ್ಮ ಜೊತೆ ಕೂರುವುದಕ್ಕೆ’ ಎಂದು ನಡೆಸುವವರಿಗೆ ಒಂದು ಸಲ ಹೇಳಿಬಿಡಿ. ಒಳ್ಳೆಯ ಗುಂಪಾದರೆ ಸರಿ ಎನ್ನುತ್ತಾರೆ, ಅಷ್ಟಕ್ಕೇ ಬಿಡುತ್ತಾರೆ. ಅದಾದ ಮೇಲೂ ಮನೆಗೆ ಫೋನ್ ಮಾಡಿ ಭಾನುವಾರ ಚರ್ಚಿಗೆ ಬನ್ನಿ ಎಂದು ಹಿಂದೆ ಬಿದ್ದರೆ ಆ ಗುಂಪು ಬಿಟ್ಟುಬಿಡಿ. ಮನಸ್ಸು ಹಣ್ಣಾಗಿರುವಾಗ ಯಾರೂ ಯಾವ ಕಡೆಗೂ ಎಳೆಯಬಾರದು. ಇದನ್ನು ನಮ್ಮ ಕಡೆಯ ಜ್ಯೋತಿಷಿಗಳು, ದೋಷ ಪರಿಹಾರದವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಅತ್ತೆಯ ಮಾತು. ದೇವರು ಸಾಲಲಿಲ್ವಾ ಅಂದರು. ದೇವರು ಸಾಲದೆ ಅಲ್ಲ, ಜನ ಸಾಲದೆ ನೀವು ಅಲ್ಲಿಗೆ ಹೋದಿರಿ. ನಮ್ಮಲ್ಲಿ 13 ದಿನ ಮನೆ ತುಂಬಾ ಜನ, ಅದೊಂದು ದೊಡ್ಡ ವ್ಯವಸ್ಥೆ, ನಾನು ಹಗುರವಾಗಿ ಮಾತಾಡುವುದಿಲ್ಲ. ಆಮೇಲೆ ತಿಂಗಳು ತಿಂಗಳು ಮಾಸಿಕ, ವರ್ಷಕ್ಕೆ ವರ್ಷಾಬ್ದಿಕ. ಆದರೆ ನೋಡಿ, ಇದರಲ್ಲಿ ಪುರೋಹಿತರಿಗೆ ಕೆಲಸವಿದೆ, ಕರ್ತೃವಿಗೆ ಕೆಲಸವಿದೆ, ಅಡುಗೆಯವರಿಗಂತೂ ಕೈತುಂಬಾ ಇದೆ. ಹೆಂಡತಿಗೆ? ಅವಳು ಒಂದು ಮೂಲೆಯಲ್ಲಿ ಕೂತಿರಬೇಕು. ಬಂದವರು ಅವಳನ್ನು ನೋಡಿ ಅಳುತ್ತಾರೆ, ಅವಳೇ ಅವರಿಗೆ ಸಮಾಧಾನ ಹೇಳುತ್ತಾಳೆ, ಎಷ್ಟೋ ಮನೆಗಳಲ್ಲಿ ಕುಂಕುಮ, ಬಳೆಯ ರಗಳೆ ಬೇರೆ. ‘ನಿನಗೆ ರಾತ್ರಿ ನಿದ್ದೆ ಬರುತ್ತಾ? ಅವನ ಶರ್ಟುಗಳನ್ನು ಏನು ಮಾಡಿದೆ?’ ಎಂದು ಕೇಳುವ ಜಾಗ ನಮ್ಮ ಶಾಸ್ತ್ರದ ಪಟ್ಟಿಯಲ್ಲಿಲ್ಲ. ನಿಮಗೆ ಆ ಚರ್ಚಿನ ಕೋಣೆಯಲ್ಲಿ ಸಿಕ್ಕಿದ್ದು ಅದು.

ಧರ್ಮಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಯಹೂದಿಗಳಲ್ಲಿ ಸತ್ತವರಿಗಾಗಿ ಕಡ್ಡಿಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಅಪ್ಪ ಅಮ್ಮ ಹೋದರೆ 11 ತಿಂಗಳು ಹೇಳುವ ರೂಢಿ. ಒಬ್ಬರೇ ಮನೆಯಲ್ಲಿ ಹೇಳುವ ಹಾಗಿಲ್ಲ, ಕನಿಷ್ಠ 10 ಜನ ಸೇರಿರಬೇಕು. ಅಂದರೆ ದುಃಖದಲ್ಲಿರುವವರು ಬಾಗಿಲು ತೆರೆದು ಹೊರಗೆ ಬರಲೇಬೇಕು, ಉಳಿದವರೂ ಬಂದು ಅವರ ಜೊತೆ ನಿಲ್ಲಬೇಕು. ಎಂಥಾ ಜಾಣತನ ಅಲ್ವಾ?

ಅತ್ತೆಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ, ಅದರಿಂದ ಜಗಳವೇ ಆಗುವುದು. ಅವರು ಮಗನನ್ನು ಕಳೆದುಕೊಂಡಿದ್ದಾರೆ, ಅದೂ ಅಷ್ಟು ದೂರದಲ್ಲಿ. ಈಗ ಸೊಸೆಯೂ ಕೈಬಿಟ್ಟು ಹೋಗುತ್ತಾಳೇನೋ ಎಂಬ ಹೆದರಿಕೆ ಆ ಮಾತಿನಲ್ಲಿ ನನಗೆ ಕೇಳಿಸಿತು. ಫೋನ್ ಮಾಡಿ ಚರ್ಚಿನ ವಿಷಯ ಬಿಟ್ಟು ಅವರ ಮಗನ ವಿಷಯ ಕೇಳಿ. ಚಿಕ್ಕವನಿದ್ದಾಗ ಏನು ತುಂಟತನ ಮಾಡುತ್ತಿದ್ದ, ಯಾವ ತಿಂಡಿಗೆ ಹಟ ಮಾಡುತ್ತಿದ್ದ, ಹೀಗೆ. ಅವರಿಗೂ ಊರಿನಲ್ಲಿ ಈಗ ಇದನ್ನು ಯಾರೂ ಕೇಳುತ್ತಿರಲಿಕ್ಕಿಲ್ಲ.

ಇನ್ನೆರಡು ಮಾತು. ಹಾಸ್ಪಿಸ್‌ನವರು ನೋಡಿಕೊಂಡರು ಎಂದಿರಿ. ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಮಾನ್ಯತೆ ಇರುವ ಹಾಸ್ಪಿಸ್‌ಗಳು ರೋಗಿ ತೀರಿಕೊಂಡ ಮೇಲೂ ಒಂದು ವರ್ಷದವರೆಗೆ ಮನೆಯವರಿಗೆ ದುಃಖದ ಆಪ್ತಸಲಹೆ ಕೊಡಬೇಕೆಂಬ ನಿಯಮವಿದೆ. ಅದರಲ್ಲಿ ಧರ್ಮದ ಪ್ರಶ್ನೆ ಬರುವುದಿಲ್ಲ. ವರ್ಷ ತುಂಬಿದ್ದರೂ ಒಂದು ಫೋನ್ ಮಾಡಿ ಕೇಳಿ, ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಗ್ರೀಫ್‌ಶೇರ್ ನಡೆಸುವವರು ಸಾಮಾನ್ಯವಾಗಿ ಸ್ವಯಂಸೇವಕರು, ಡಾಕ್ಟರುಗಳಲ್ಲ, ಅದು ನೆನಪಿರಲಿ.

ಮತ್ತೆ, ನಿಮ್ಮ ಕ್ಯಾರಿಯಲ್ಲೇ ವೆಂಕಟೇಶ್ವರ ದೇವಸ್ಥಾನವಿದೆ. ಈಗಲೇ ಬೇಡ, ನಿಮಗೆ ತ್ರಾಣ ಬಂದ ಮೇಲೆ, ತಿಂಗಳಿಗೊಂದು ಸಂಜೆ ಒಂದು ಕೋಣೆ ಕೊಡುತ್ತೀರಾ ಎಂದು ಅವರನ್ನು ಕೇಳಿ ನೋಡಿ. ನಾಲ್ಕು ಸಾಲು ಸ್ತೋತ್ರ, ಆಮೇಲೆ ಮಾತು, ಕಾಫಿ. ವಿದೇಶದಲ್ಲಿರುವ ನಮ್ಮವರಲ್ಲಿ ಹೀಗೆ ಬಾಯಿಮುಚ್ಚಿ ಕೂತವರು ಎಷ್ಟೋ ಜನರಿದ್ದಾರೆ.

ಪ್ರಶ್ನೆ: ನಾನು ಧಾರವಾಡದ ಕ್ರೈಸ್ತ. ಎರಡು ವರ್ಷದ ಹಿಂದೆ ನಮ್ಮ ಒಬ್ಬನೇ ಮಗ ಬೈಕ್ ಅಪಘಾತದಲ್ಲಿ ಹೋದ. ನಮ್ಮ ಚರ್ಚಿನ ಸಭೆಯಲ್ಲಿ ವಾರಕ್ಕೊಮ್ಮೆ ದುಃಖದಲ್ಲಿರುವವರ ಕೂಟ ನಡೆಯುತ್ತದೆ. ಹೆಂಡತಿಗೆ ಅಲ್ಲಿ ನೆಮ್ಮದಿ ಸಿಕ್ಕಿದೆ. ನನಗೆ ‘ದೇವರ ಚಿತ್ತ’ ಎಂಬ ಮಾತು ಕೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ. ನನಗೆ ದೇವರ ಮೇಲೆ ಸಿಟ್ಟಿದೆ. ರಾತ್ರಿ ನಿದ್ದೆ ಇಲ್ಲ, ಅಂಗಡಿ ಕಡೆ ಗಮನ ಇಲ್ಲ. ನನ್ನ ನಂಬಿಕೆಯೇ ಹೋಯಿತಾ?

ಉತ್ತರ: ಯಜಮಾನರೇ, ನಂಬಿಕೆ ಹೋದವರಿಗೆ ದೇವರ ಮೇಲೆ ಸಿಟ್ಟೇಕೆ ಬರುತ್ತದೆ? ನಿಮ್ಮದೇ ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ ದೇವರ ಜೊತೆ ಎಷ್ಟು ಜಗಳ ಮಾಡಿದ್ದಾನೆ ನೋಡಿ. ಅವನ ಮೂವರು ಗೆಳೆಯರು ಬಂದರು, ಮೊದಲ ಏಳು ದಿನ ಮಾತಿಲ್ಲದೆ ನೆಲದ ಮೇಲೆ ಅವನ ಪಕ್ಕ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿ ತೆರೆದು ಕಾರಣ ವಿವರಿಸಲು ಶುರು ಮಾಡಿದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೆ. ಇದನ್ನು ಸಭಾಪಾಲಕರ ಬಳಿ ಒಬ್ಬರೇ ಇರುವಾಗ ಹೇಳಿ. ‘ದೇವರ ಚಿತ್ತ’ ಎನ್ನುವವರಿಗೆ ಕೆಟ್ಟ ಮನಸ್ಸೇನಿಲ್ಲ, ಹೇಳಲು ಬೇರೆ ಏನೂ ತೋಚದೆ ಅನ್ನುತ್ತಾರೆ. ಆದರೂ ಮಗನನ್ನು ಕಳೆದುಕೊಂಡವರ ಮುಂದೆ ಅದನ್ನು ಆಡದಿದ್ದರೆ ಒಳ್ಳೆಯದು ಎಂದು ಕೂಟ ನಡೆಸುವವರು ತಿಳಿಸಿ ಹೇಳಬಹುದು.

ಇಂಗ್ಲೆಂಡಿನ ಕೊವೆಂಟ್ರಿಯ ಕಥೆ ಒಂದಿದೆ. 1968ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದ ಸೈಮನ್ ಸ್ಟೀಫನ್ಸ್ ಎಂಬ ಯುವ ಪಾದ್ರಿ ಆ ಎರಡೂ ಕುಟುಂಬದವರು ಪರಸ್ಪರ ಭೇಟಿಯಾಗುವ ಹಾಗೆ ಮಾಡಿದರು. ತಾನು ಹೇಳುವ ಸಾಂತ್ವನಕ್ಕಿಂತ ಆ ತಂದೆತಾಯಿಗಳು ಒಬ್ಬರಿಗೊಬ್ಬರು ಆಗುವುದೇ ಹೆಚ್ಚು ಎಂದು ಅವರಿಗೆ ಕಂಡಿತು. ಹೀಗೆ 1969ರಲ್ಲಿ ಶುರುವಾದ, ಮಕ್ಕಳನ್ನು ಕಳೆದುಕೊಂಡವರ ಕಂಪ್ಯಾಷನೇಟ್ ಫ್ರೆಂಡ್ಸ್ ಎಂಬ ಸಂಘ ಇವತ್ತು ಹಲವು ದೇಶಗಳಲ್ಲಿದೆ, ಯಾವ ಧರ್ಮದವರೂ ಬರಬಹುದು. ನಿಮಗೂ ಇಡೀ ಕೂಟ ಬೇಕಾಗಿಲ್ಲ. ಧಾರವಾಡ ಹುಬ್ಬಳ್ಳಿಯಲ್ಲಿ ಮಗುವನ್ನು ಕಳೆದುಕೊಂಡ ಇನ್ನೊಬ್ಬ ಅಪ್ಪ ಯಾರಾದರೂ ಇದ್ದಾರಾ ಎಂದು ಸಭಾಪಾಲಕರನ್ನೇ ಕೇಳಿ. ಇಬ್ಬರೂ ಸಂಜೆ ವಾಕಿಂಗ್ ಹೋಗಿ. ಗಂಡಸರಿಗೆ ಎದುರುಬದುರು ಕೂತು ಮಾತಾಡುವುದಕ್ಕಿಂತ ಪಕ್ಕಪಕ್ಕ ನಡೆಯುತ್ತಾ ಮಾತಾಡುವುದು ಸುಲಭ. ಹೆಂಡತಿ ಕೂಟಕ್ಕೆ ಹೋಗಲಿ, ಬೇಡ ಅನ್ನಬೇಡಿ.

ಆದರೆ ಎರಡು ವರ್ಷವಾದರೂ ನಿದ್ದೆ ಇಲ್ಲ, ಅಂಗಡಿ ನೋಡಲಾಗುತ್ತಿಲ್ಲ ಎಂದಿರಲ್ಲ, ಅದಕ್ಕೆ ಪ್ರಾರ್ಥನೆ ಒಂದೇ ಸಾಲದು, ಡಾಕ್ಟರರ ಹತ್ತಿರ ಹೋಗಿ. ವರ್ಷ ಕಳೆದರೂ ಒಂದಿಷ್ಟೂ ಇಳಿಯದೆ ದಿನದ ಬದುಕನ್ನೇ ನಿಲ್ಲಿಸುವ ದುಃಖಕ್ಕೆ ಈಗ ವೈದ್ಯರು ಬೇರೆಯೇ ಹೆಸರಿಟ್ಟಿದ್ದಾರೆ, ಚಿಕಿತ್ಸೆಯೂ ಇದೆ. ನಿಮ್ಮೂರಿನಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕು ಅನ್ನಿಸಿದ ಕ್ಷಣವಿದ್ದರೆ ಬೆಳಗಾಗುವವರೆಗೂ ಕಾಯಬೇಡಿ.

ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮ ಮನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಭಜನಾ ಮಂಡಳಿ ಸೇರಿದ್ದಾರೆ. ಶನಿವಾರದ್ದು ಸಾಲದು ಎಂದು ಬೇರೆ ಊರಿನ ಭಜನೆಗೂ ಹೋಗುತ್ತಾರೆ. ತಡರಾತ್ರಿ ಬಂದು ಊಟ ಬಿಟ್ಟು ಮಲಗುತ್ತಾರೆ, ಶುಗರ್ ಬೇರೆ ಇದೆ. ಮನೆಯಲ್ಲಿ ಅಮ್ಮನ ಹೆಸರೇ ಎತ್ತುವುದಿಲ್ಲ. ದುಃಖದಿಂದ ತಪ್ಪಿಸಿಕೊಳ್ಳುತ್ತಿದ್ದಾರಾ?

ಉತ್ತರ: ಸ್ವಲ್ಪ ತಪ್ಪಿಸಿಕೊಳ್ಳುತ್ತಿರಬಹುದು. ತಪ್ಪಿಸಿಕೊಳ್ಳಲಿ ಬಿಡಿ. ಸ್ಟ್ರೋಬ್, ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ ಮಾತೊಂದಿದೆ. ದುಃಖದಲ್ಲಿರುವವರು ಒಂದಿಷ್ಟು ಹೊತ್ತು ನೋವಿನ ಹತ್ತಿರ ಹೋಗುತ್ತಾರೆ, ಒಂದಿಷ್ಟು ಹೊತ್ತು ಅದನ್ನು ಬಿಟ್ಟು ಬೇರೆ ಕೆಲಸ ಹಿಡಿಯುತ್ತಾರೆ, ಹೀಗೆ ಆಚೆ ಈಚೆ ಓಡಾಡುವುದೇ ಸಹಜ ಎಂದು. ಅದೂ ಅಲ್ಲದೆ ತಾಳ ಹಿಡಿದು ಹತ್ತು ಜನರ ಜೊತೆ ದನಿ ಎತ್ತಿ ಹಾಡುವಾಗ ಅಪ್ಪ ಒಳಗೊಳಗೇ ಯಾರನ್ನು ಕರೆಯುತ್ತಿದ್ದಾರೆ ಎಂದು ನಿಮಗೆ ಹೇಗೆ ಗೊತ್ತು? ಒಂದು ಶನಿವಾರ ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಬರುವ ದಾರಿಯಲ್ಲಿ ‘ಇದರಲ್ಲಿ ಅಮ್ಮನಿಗೆ ಯಾವ ಹಾಡು ಇಷ್ಟ ಇತ್ತು’ ಎಂದು ಕೇಳಿ. ಉತ್ತರ ಬಂದರೆ ಬಂತು, ಬಾರದಿದ್ದರೆ ಒತ್ತಾಯ ಬೇಡ.

ಊಟ ಬಿಡುವುದಕ್ಕೆ ಮಾತ್ರ ಜಗಳ ಮಾಡಿ. ಶುಗರ್ ಇರುವವರು ಮಾತ್ರೆ ನುಂಗಿ ಹಸಿದ ಹೊಟ್ಟೆಯಲ್ಲಿ ಮಲಗಬಾರದು. ಭಜನೆಗೆ ಹೊರಡುವ ಮುಂಚೆಯೇ ಗಂಜಿಯೋ ಚಪಾತಿಯೋ ಬಡಿಸಿ ಕೂರಿಸಿ, ಮಾತ್ರೆಯ ಹೊತ್ತನ್ನು ಡಾಕ್ಟರರಲ್ಲಿ ಕೇಳಿ ಬದಲಾಯಿಸಿಕೊಳ್ಳಿ.